ಶ್ವಾಸನಾಳದ ನೀರುಗಂಟಿಗಳು: ಅಸ್ತಮಾ, ಮಲಿನ ಗಾಳಿ ಮತ್ತು ಮೈಕ್ರೋಆರ್‌ಎನ್‌ಎ

ಮೈಕ್ರೋಆರ್‌ಎನ್‌ಎ ಎಂಬುದು ಸುಮಾರು 22 ನ್ಯೂಕ್ಲಿಯೊಟೈಡ್‌ಗಳಷ್ಟೇ ಉದ್ದವಿರುವ ಪುಟ್ಟ ಆರ್‌ಎನ್‌ಎ ಎಳೆ. ಅದು ತಾನಾಗಿ ಯಾವ ಪ್ರೊಟೀನನ್ನೂ ಕಟ್ಟುವುದಿಲ್ಲ. ಬೇರೆ ವಂಶವಾಹಿಗಳು ಎಷ್ಟು ಪ್ರೊಟೀನ್ ಕಟ್ಟಬೇಕು ಎಂಬುದಕ್ಕೆ ಅಂಕೆ ಹಾಕುತ್ತದೆ. ಅಸ್ತಮಾ ಎಂಬುದು ಶ್ವಾಸನಾಳಗಳು ಊದಿಕೊಂಡು, ಲೋಳೆ ತುಂಬಿ, ಸಣ್ಣ ಕೆಣಕಿಗೂ ಬಿಗಿದುಕೊಳ್ಳುವ ದೀರ್ಘಕಾಲದ ಕಾಯಿಲೆ. ಹಳಬರ ಮಾತಿನಲ್ಲಿ ಗೂರಲು, ಉಬ್ಬಸ, ದಮ್ಮು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನ ಸುಮಾರು 26.2 ಕೋಟಿ ಜನರಿಗೆ ಅದು ಇತ್ತು, ಆ ಒಂದು ವರ್ಷದಲ್ಲೇ ಸುಮಾರು 4.55 ಲಕ್ಷ ಜನ ಅದರಿಂದ ಸತ್ತರು. ಈ ಪುಟ್ಟ ಎಳೆಗೂ ಈ ದೊಡ್ಡ ಕಾಯಿಲೆಗೂ ಇರುವ ನಂಟನ್ನು ಹೇಳುವಾಗ ಎರಡು ಅತಿಗಳಿಗೆ ಹೋಗುವವರಿದ್ದಾರೆ. ಅಸ್ತಮಾದ ಕೀಲಿಕೈ ಇಲ್ಲೇ ಸಿಕ್ಕಿತೆನ್ನುವವರು ಕೆಲವರು. ಇಲಿಗಳ ಮೇಲಿನ ಆಟವಷ್ಟೇ, ರೋಗಿಗೆ ಇದರಿಂದ ಏನೂ ಸಿಗದು ಎನ್ನುವವರು ಕೆಲವರು. ನಮ್ಮ ಹಳ್ಳಿಯ ಕೆರೆಯ ನೀರುಗಂಟಿಯನ್ನು ನೆನೆದರೆ ಎರಡೂ ತಪ್ಪೆಂದು ತಿಳಿಯುತ್ತದೆ. ಮಳೆ ತರುವುದು ನೀರುಗಂಟಿಯ ಕೈಯಲ್ಲಿಲ್ಲ, ಬೆಳೆ ತೆಗೆಯುವವನೂ ಅವನಲ್ಲ. ಆದರೆ ತೂಬನ್ನು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂಬುದು ಅವನದು. ಮೈಕ್ರೋಆರ್‌ಎನ್‌ಎ ಅಸ್ತಮಾಕ್ಕೆ ಕಾರಣವಲ್ಲ, ಅದರ ಹದ ಕಾಯುವ ಆಳು. ಅಲರ್ಜಿಯೂ ಮಲಿನ ಗಾಳಿಯೂ ಒಂದೇ ಶ್ವಾಸನಾಳದಲ್ಲಿ ಕೂಡಿದಾಗ ಎರಡೂ ಕೈಹಾಕುವುದು ಈ ತೂಬಿಗೇ.

ಇಂಥ ಒಬ್ಬ ಹದಗಾರನನ್ನು ಹುಡುಕಬೇಕಾದ ಅಗತ್ಯವಾದರೂ ಏಕೆ ಬಂತು ಎಂಬುದಕ್ಕೆ ಬೆಂಗಳೂರೇ ಒಂದು ನಿದರ್ಶನ. ಮಕ್ಕಳ ತಜ್ಞ ಎಚ್. ಪರಮೇಶ್ ಅವರು ಈ ನಗರದಲ್ಲಿ 20,000 ಮಕ್ಕಳನ್ನು ಆಧರಿಸಿ ಪ್ರಕಟಿಸಿದ ಆಸ್ಪತ್ರೆ ಸಮೀಕ್ಷೆಯಲ್ಲಿ ಅಸ್ತಮಾದ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆಗಿತ್ತು. ವಾಹನಗಳ ಸಂಖ್ಯೆ ಏರಿದ ರೇಖೆಗೂ ಈ ಏರಿಕೆಯ ರೇಖೆಗೂ ಹೊಂದಿಕೆ ಕಂಡಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕ ಊರಿನ ಲೆಕ್ಕವಲ್ಲ, ಇಪ್ಪತ್ತು ವರ್ಷಗಳಲ್ಲಿ ತಂದೆತಾಯಿಯರ ಅರಿವೂ ವೈದ್ಯರ ಗುರುತಿಸುವಿಕೆಯೂ ಹೆಚ್ಚಿದ್ದವು ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕೆ ಬೇಕಾದಷ್ಟು ವಟ್ಟ ಕಳೆದ ಮೇಲೂ ಒಂದು ಮಾತು ಉಳಿಯುತ್ತದೆ. ಇಪ್ಪತ್ತು ವರ್ಷಗಳಲ್ಲಿ ಒಂದು ಊರಿನ ಮಕ್ಕಳ ವಂಶವಾಹಿಗಳು ಬದಲಾಗುವುದಿಲ್ಲ. ಬದಲಾಗುವುದು ಗಾಳಿ, ಮನೆ, ಊಟ, ಧೂಳು. ಕಾಂಗ್ರೆಸ್ ಗಿಡವೆಂದು ನಾವು ಕರೆಯುವ ಪಾರ್ಥೇನಿಯಂ ಖಾಲಿ ನಿವೇಶನಗಳನ್ನೆಲ್ಲ ಆವರಿಸಿ ಪರಾಗ ಹಾರಿಸತೊಡಗಿದ್ದೂ ಆ ಕಾಲದಲ್ಲೇ. ವಂಶವಾಹಿ ಹಾಗೇ ಇದ್ದು ಅದರ ಕೆಲಸ ಮಾತ್ರ ಬದಲಾಗಬೇಕಾದರೆ ನಡುವೆ ಯಾವುದೋ ಮಧ್ಯಸ್ಥಿಕೆ ನಡೆಯಬೇಕು. ಡಿಎನ್‌ಎ ಮೇಲೆ ಮೀಥೈಲ್ ಗುಂಪು ಅಂಟಿಕೊಳ್ಳುವುದು ಅಂಥ ಒಂದು ದಾರಿ, ಮೈಕ್ರೋಆರ್‌ಎನ್‌ಎ ಇನ್ನೊಂದು. ಗಾಳಿ ಕೆಟ್ಟ ಕೆಲವೇ ಗಂಟೆಗಳಲ್ಲಿ ಬದಲಾಗಬಲ್ಲದ್ದು ಎಂಬ ಕಾರಣಕ್ಕೆ ಎರಡನೆಯದರ ಮೇಲೆ ವಿಶೇಷ ಕಣ್ಣು.

ಮೈಕ್ರೋಆರ್‌ಎನ್‌ಎ ಪತ್ತೆಯಾದ ಕಥೆಗೂ ಶ್ವಾಸಕೋಶಕ್ಕೂ ಮೊದಲಲ್ಲಿ ಏನೇನೂ ಸಂಬಂಧವಿರಲಿಲ್ಲ. ಒಂದು ಮಿಲಿಮೀಟರ್ ಉದ್ದದ ಸಿ. ಎಲಿಗನ್ಸ್ ಎಂಬ ದುಂಡುಹುಳು ಬೆಳೆಯುವ ಬಗೆಯನ್ನು ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಬೇರೆಬೇರೆಯಾಗಿ ನೋಡುತ್ತಿದ್ದರು. ಲಿನ್-4 ಎಂಬ ವಂಶವಾಹಿ ಪ್ರೊಟೀನನ್ನೇ ಕಟ್ಟದೆ 22 ನ್ಯೂಕ್ಲಿಯೊಟೈಡ್‌ಗಳ ಎಳೆಯೊಂದನ್ನು ಮಾತ್ರ ಹೊರಹಾಕುತ್ತದೆ, ಆ ಎಳೆ ಲಿನ್-14 ಎಂಬ ಇನ್ನೊಂದು ವಂಶವಾಹಿಯ ಸಂದೇಶವಾಹಕ ಆರ್‌ಎನ್‌ಎಯ ಬಾಲಕ್ಕೆ ಹೊಂದಿಕೊಂಡು ಅದರ ಬಾಯಿ ಕಟ್ಟುತ್ತದೆ ಎಂದು 1993ರಲ್ಲಿ ಇಬ್ಬರೂ ಪ್ರಕಟಿಸಿದರು. ಹುಳುವಿನ ವಿಚಿತ್ರವೆಂದು ಏಳು ವರ್ಷ ಯಾರೂ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. 2000ದಲ್ಲಿ ರವ್ಕನ್ ಪ್ರಯೋಗಾಲಯ ಲೆಟ್-7 ಎಂಬ ಎರಡನೆಯದನ್ನು ಕಂಡುಹಿಡಿದು, ಅದು ನೊಣ, ಮೀನು, ಮನುಷ್ಯ ಎಲ್ಲರಲ್ಲೂ ಇದೆಯೆಂದು ತೋರಿಸಿದ ಮೇಲೆ ಲೋಕ ತಿರುಗಿ ನೋಡಿತು. 2024ರ ವೈದ್ಯಕೀಯ ನೊಬೆಲ್ ಇವರಿಬ್ಬರಿಗೆ ಸಂದಿತು. ಮುಂದೆ ಅಸ್ತಮಾದ ಅತ್ಯಂತ ಜಗಳಗಂಟಿ ಮೈಕ್ರೋಆರ್‌ಎನ್‌ಎ ಆಗಿ ನಿಂತದ್ದು ಇದೇ ಲೆಟ್-7.

ಕೋಶದೊಳಗೆ ಮೈಕ್ರೋಆರ್‌ಎನ್‌ಎ ತಯಾರಾಗುವ ಬಗೆಯನ್ನು ಚಿಕ್ಕದಾಗಿ ಹೇಳಬಹುದು. ಕೋಶಕೇಂದ್ರದಲ್ಲಿ ಉದ್ದನೆಯ ಎಳೆಯೊಂದು ಮಡಚಿ ಹೇರ್‌ಪಿನ್ ಆಕಾರ ತಾಳುತ್ತದೆ. ಡ್ರೋಷಾ ಎಂಬ ಕಿಣ್ವ ಅದರ ಬುಡ ಕತ್ತರಿಸುತ್ತದೆ. ಎಕ್ಸ್‌ಪೋರ್ಟಿನ್-5 ಅದನ್ನು ಹೊರಗೆ ಸಾಗಿಸುತ್ತದೆ. ಡೈಸರ್ ಎಂಬ ಇನ್ನೊಂದು ಕಿಣ್ವ ತುದಿಯ ಕುಣಿಕೆಯನ್ನು ತೆಗೆದುಹಾಕುತ್ತದೆ. ಉಳಿದ ಜೋಡಿ ಎಳೆಗಳಲ್ಲಿ ಒಂದು ಆರ್ಗೊನಾಟ್ ಎಂಬ ಪ್ರೊಟೀನಿನ ಮಡಿಲು ಸೇರುತ್ತದೆ. ಎಳೆಯ 2ನೆಯಿಂದ 8ನೆಯ ಅಕ್ಷರಗಳೇ ಅದರ ಬೀಜ. ಆ ಏಳು ಅಕ್ಷರಗಳಿಗೆ ಎದುರು ಹೊಂದುವ ಬರಹ ಯಾವ ಸಂದೇಶದ ಬಾಲದಲ್ಲಿ ಸಿಕ್ಕರೂ ಆ ಸಂದೇಶಕ್ಕೆ ಕತ್ತರಿ, ಇಲ್ಲವೇ ತಡೆ. ಗುರುತು ಇಷ್ಟು ಚಿಕ್ಕದಾದ್ದರಿಂದಲೇ ಒಂದೊಂದು ಮೈಕ್ರೋಆರ್‌ಎನ್‌ಎಗೆ ನೂರಾರು ಗುರಿಗಳು. ಮನುಷ್ಯನ ಪ್ರೊಟೀನ್ ವಂಶವಾಹಿಗಳಲ್ಲಿ ಶೇ. 60ಕ್ಕಿಂತ ಹೆಚ್ಚಿನವು ಯಾವುದೋ ಒಂದು ಮೈಕ್ರೋಆರ್‌ಎನ್‌ಎಯ ಅಂಕೆಗೆ ಒಳಪಟ್ಟಿವೆ ಎಂದು 2009ರ ಲೆಕ್ಕ ಹೇಳಿತು. ಆದರೆ 2008ರಲ್ಲಿ ಸಾವಿರಾರು ಪ್ರೊಟೀನುಗಳನ್ನು ಒಮ್ಮೆಗೇ ಅಳೆದು ನೋಡಿದಾಗ ಒಂದೊಂದು ಪ್ರೊಟೀನಿನ ಮೇಲಿನ ಪರಿಣಾಮ ಬಹುತೇಕ ಅಲ್ಪವೇ ಆಗಿತ್ತು. ಪ್ರಮಾಣ ಅರ್ಧಕ್ಕೆ ಇಳಿದದ್ದೇ ಅಪರೂಪ. ಗುರಿಗಳು ಅನೇಕ, ಪ್ರತಿಯೊಂದರ ಮೇಲೂ ಒತ್ತಡ ಹಗುರ. ಈ ಎರಡು ಸಂಗತಿಗಳನ್ನು ಒಟ್ಟಿಗೆ ನೆನಪಿಟ್ಟುಕೊಂಡರೆ ಮುಂದಿನ ಗೊಂದಲಗಳಲ್ಲಿ ಅರ್ಧ ತಾನಾಗಿ ಬಿಡಿಸಿಕೊಳ್ಳುತ್ತವೆ.

ಅಲರ್ಜಿಯ ಅಸ್ತಮಾದಲ್ಲಿ ಮುಖ್ಯ ಪಾತ್ರ ವಹಿಸುವುದು ಟಿಎಚ್2 ಎಂಬ ಬಗೆಯ ಟಿ ಕೋಶಗಳು. ಅವು ಹೊರಬಿಡುವ ಇಂಟರ್‌ಲ್ಯೂಕಿನ್-5 ಇಯೊಸಿನೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆತರುತ್ತದೆ. ಇಂಟರ್‌ಲ್ಯೂಕಿನ್-13 ಶ್ವಾಸನಾಳದ ಒಳಪದರದ ಕೋಶಗಳನ್ನು ಲೋಳೆ ಸುರಿಸುವ ಕೋಶಗಳನ್ನಾಗಿ ಮಾರ್ಪಡಿಸುತ್ತದೆ, ಸ್ನಾಯುವನ್ನು ಬಿಗಿಯುವಂತೆ ಸಜ್ಜುಗೊಳಿಸುತ್ತದೆ. ಈ ಇಂಟರ್‌ಲ್ಯೂಕಿನ್-13ರ ಸಂದೇಶದ ಬಾಲದಲ್ಲೇ ಲೆಟ್-7 ಕೂರುವ ಜಾಗವಿದೆ. ದೆಹಲಿಯ ಜೀನೋಮಿಕ್ಸ್ ಮತ್ತು ಸಮಗ್ರ ಜೀವವಿಜ್ಞಾನ ಸಂಸ್ಥೆಯವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಸ್ತಮಾ ತರಿಸಿದ ಇಲಿಗಳ ಶ್ವಾಸಕೋಶದಲ್ಲಿ ಲೆಟ್-7 ಕಡಿಮೆಯಾಗಿತ್ತು. ಕೃತಕ ಲೆಟ್-7ನ್ನು ಮೂಗಿನ ಮೂಲಕ ಕೊಟ್ಟಾಗ ಇಂಟರ್‌ಲ್ಯೂಕಿನ್-13 ಇಳಿಯಿತು, ಉರಿಯೂತ ತಗ್ಗಿತು, ಶ್ವಾಸನಾಳದ ಬಿಗಿತವೂ ಸಡಿಲಿತು. ತೂಬು ಮುಚ್ಚಿದರೆ ನೀರು ನಿಲ್ಲುತ್ತದೆ ಎಂಬಷ್ಟು ಸರಳವಾದ ಕಥೆ. ಇದೇ ಸಂಸ್ಥೆಯವರು 2009ರಲ್ಲಿ ಉರಿಯೂತ ಶಮನ ಮಾಡುವ ಇಂಟರ್‌ಲ್ಯೂಕಿನ್-10ನ್ನು ಮಿರ್-106ಎ ಎಂಬ ಇನ್ನೊಂದು ಮೈಕ್ರೋಆರ್‌ಎನ್‌ಎ ಅದುಮುತ್ತದೆಂದು ತೋರಿಸಿದ್ದರು. ಈ ಕ್ಷೇತ್ರದ ಅಡಿಗಲ್ಲುಗಳಲ್ಲಿ ಕೆಲವನ್ನು ಇಟ್ಟವರು ಭಾರತೀಯರೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಇನ್ನೂ ಗಮನಿಸಿದಂತಿಲ್ಲ.

ಆದರೆ ಆ ಸರಳ ಕಥೆಗೆ ಒಂದು ವರ್ಷ ಮೊದಲೇ, 2010ರಲ್ಲಿ, ಅಮೆರಿಕದ ತಂಡವೊಂದು ತೊಡಕು ಹಾಕಿಯಾಗಿತ್ತು. ಇಲಿಯ ಶ್ವಾಸಕೋಶದಲ್ಲಿ ಅತಿ ಹೇರಳವಾಗಿರುವುದು ಲೆಟ್-7 ಬಳಗವೇ ಎಂದೂ ಅದು ಇಂಟರ್‌ಲ್ಯೂಕಿನ್-13ನ್ನು ಅದುಮುತ್ತದೆಂದೂ ಅವರೂ ಕಂಡರು. ಆದರೆ ಬದುಕಿರುವ ಇಲಿಯಲ್ಲಿ ಲೆಟ್-7ನ್ನು ತಡೆದಾಗ, ಎಣಿಸಿದಂತೆ ಅಸ್ತಮಾ ಹೆಚ್ಚುವ ಬದಲು ತಗ್ಗಿಬಿಟ್ಟಿತು. ಕೊಟ್ಟರೂ ಗುಣ, ತಡೆದರೂ ಗುಣ! ಮಿರ್-155ರ ವಿಷಯದಲ್ಲೂ ಇಂಥದೇ ಕಥೆ. ಅದಿಲ್ಲದ ಇಲಿಗಳ ಟಿ ಕೋಶಗಳು ಟಿಎಚ್2 ಕಡೆಗೆ ವಾಲುತ್ತವೆ, ಅವುಗಳ ಶ್ವಾಸನಾಳದ ಗೋಡೆ ವಯಸ್ಸಾದಂತೆ ದಪ್ಪಗಾಗುತ್ತದೆ ಎಂದು 2007ರ ವರದಿ ಹೇಳಿತು. ಅದಿಲ್ಲದ ಇಲಿಗಳಿಗೆ ಅಲರ್ಜಿಕಾರಕ ಕೊಟ್ಟರೆ ಇಯೊಸಿನೋಫಿಲ್ ಉರಿಯೂತ ಸರಿಯಾಗಿ ಏಳುವುದೇ ಇಲ್ಲ ಎಂದು 2014ರ ವರದಿ ಹೇಳಿತು. ಸಂದೇಹವಾದಿಗಳು ಬೆರಳು ತೋರುವುದು ಇಲ್ಲಿಗೇ: ಒಂದೇ ಅಣು ಒಮ್ಮೆ ಮಿತ್ರ, ಒಮ್ಮೆ ಶತ್ರು ಎಂದರೆ ಆ ಮಾತಿಗೆ ಅರ್ಥವೇನು?

ಆಕ್ಷೇಪ ಬಲವಾದದ್ದು. ಆದರೆ ಅದು ಹೊಡೆಯುವುದು ಮೈಕ್ರೋಆರ್‌ಎನ್‌ಎಯನ್ನು ಕಾರಣವೆಂದು ನಂಬಿದವರನ್ನು. ಹದಗಾರನೆಂದು ಒಪ್ಪಿದವರಿಗೆ ಈ ಫಲಿತಾಂಶಗಳಲ್ಲಿ ಅಚ್ಚರಿಯಿಲ್ಲ. ಹೊಟ್ಟೆಗೆ ಬಂದ ಬತ್ತಕ್ಕೆ ನೀರು ನಿಲ್ಲಿಸಿದರೆ ಬೆಳೆ ಜೊಳ್ಳು. ಕೊಯ್ಲಿಗೆ ಬಂದ ಗದ್ದೆಗೆ ಬಿಟ್ಟರೂ ನಷ್ಟ. ಒಂದೇ ಲೆಟ್-7 ಟಿ ಕೋಶದಲ್ಲಿ ಅದುಮುವ ಸಂದೇಶಗಳು ಬೇರೆ, ಶ್ವಾಸನಾಳದ ಒಳಪದರದಲ್ಲಿ ಅದುಮುವವು ಬೇರೆ. ಅಲರ್ಜಿ ಏಳುವ ಮೊದಲು ತಡೆದದ್ದೋ, ಎದ್ದ ಮೇಲೆ ತಡೆದದ್ದೋ, ಬಳಗದ ಒಬ್ಬನನ್ನೋ, ಇಡೀ ಬಳಗವನ್ನೋ ಎಂಬುದರ ಮೇಲೆ ಫಲ ತಿರುಗುತ್ತದೆ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ತಂಡ ಮಿರ್-126 ಕುರಿತು ಮಾಡಿದ ಎರಡು ಅಧ್ಯಯನಗಳು ಕಾಲದ ಪಾತ್ರವನ್ನು ಚೆನ್ನಾಗಿ ತೋರುತ್ತವೆ. ಹಾಸಿಗೆ ಧೂಳಿನಲ್ಲಿರುವ ನುಸಿಯಿಂದ ಇಲಿಗಳಲ್ಲಿ ಹೊಸದಾಗಿ ಅಸ್ತಮಾ ಏಳಿಸಿ ಮಿರ್-126ನ್ನು ತಡೆದಾಗ, 2009ರ ವರದಿಯಂತೆ, ಟಿಎಚ್2 ಪ್ರತಿಕ್ರಿಯೆಯೂ ಲೋಳೆಯೂ ಇಯೊಸಿನೋಫಿಲ್‌ಗಳೂ ಇಳಿದವು. ಹಳೆಯದಾದ ಅಸ್ತಮಾದಲ್ಲಿ ಅದನ್ನೇ ಮಾಡಿದಾಗ, 2011ರ ವರದಿಯಂತೆ, ಇಯೊಸಿನೋಫಿಲ್‌ಗಳು ಇಳಿದವೇ ಹೊರತು ಗೋಡೆ ದಪ್ಪಗಾದದ್ದು ಹಾಗೇ ಉಳಿಯಿತು. ಹತ್ತು ವರ್ಷದಿಂದ ಇನ್‌ಹೇಲರ್ ಹಿಡಿದವರ ನಾಳ ಮೊನ್ನೆ ಮೊನ್ನೆ ಉಬ್ಬಸ ಹತ್ತಿದವರ ನಾಳದಂತಲ್ಲ ಎಂದು ಯಾವ ವೈದ್ಯರೂ ಹೇಳುತ್ತಾರೆ. ಪ್ರಯೋಗಾಲಯ ಹೇಳಿದ್ದೂ ಅದನ್ನೇ.

ಎಲ್ಲ ಮೈಕ್ರೋಆರ್‌ಎನ್‌ಎಗಳೂ ಹೀಗೆ ಎರಡು ನಾಲಿಗೆಯವಲ್ಲ. ಮಿರ್-146ಎ ಬಹುಮಟ್ಟಿಗೆ ಬ್ರೇಕ್. ಡೇವಿಡ್ ಬಾಲ್ಟಿಮೋರ್ ಪ್ರಯೋಗಾಲಯ 2006ರಲ್ಲಿ ತೋರಿಸಿದಂತೆ, ಉರಿಯೂತದ ಮುಖ್ಯ ಸ್ವಿಚ್ ಆದ ಎನ್‌ಎಫ್-ಕಪ್ಪಾಬಿ ತಾನು ಹೊತ್ತಿಕೊಂಡೊಡನೆ ಮಿರ್-146ಎಯನ್ನೂ ಎಬ್ಬಿಸುತ್ತದೆ, ಅದು ತಿರುಗಿ ಆ ಸ್ವಿಚ್‌ಗೆ ತಂತಿ ಎಳೆದಿರುವ ಎರಡು ಪ್ರೊಟೀನುಗಳನ್ನೇ ಅದುಮುತ್ತದೆ. ಬೆಂಕಿ ತನ್ನ ನೀರನ್ನು ತಾನೇ ಕರೆದಂತೆ. ಮಿರ್-21 ಇದಕ್ಕೆ ವಿರುದ್ಧ. ಅಲರ್ಜಿಯಾದ ಇಲಿಯ ಶ್ವಾಸಕೋಶದಲ್ಲಿ ಏರಿ ನಿಂತು, ಟಿಎಚ್2ಕ್ಕೆ ಎದುರಾಳಿಯಾದ ಇಂಟರ್‌ಲ್ಯೂಕಿನ್-12ರ ಒಂದು ಭಾಗವನ್ನು ಅದುಮಿ, ತಕ್ಕಡಿಯನ್ನು ಅಲರ್ಜಿಯ ಕಡೆಗೆ ತೂಗಿಸುತ್ತದೆ. ಮನುಷ್ಯರಲ್ಲಿ ನೇರವಾಗಿ ಕಂಡದ್ದು ಮಿರ್-19ಎ: ಅಸ್ತಮಾ ರೋಗಿಗಳ ಶ್ವಾಸನಾಳದಿಂದಲೇ ತೆಗೆದ ಟಿ ಕೋಶಗಳಲ್ಲಿ ಇದು ಹೆಚ್ಚಿದ್ದು, ಉರಿಯೂತಕ್ಕೆ ಕಡಿವಾಣ ಹಾಕುವ ಮೂರು ಪ್ರೊಟೀನುಗಳನ್ನು ಒಟ್ಟಿಗೇ ಸಡಿಲಿಸುತ್ತದೆಂದು ಸ್ಯಾನ್ ಫ್ರಾನ್ಸಿಸ್ಕೋದ ಸಂಶೋಧಕರು 2014ರಲ್ಲಿ ತೋರಿಸಿದರು. ಸ್ನಾಯುವಿನಲ್ಲಿ ಮಿರ್-133ಎ ಇದೆ. ಇಂಟರ್‌ಲ್ಯೂಕಿನ್-13 ಅದನ್ನು ಇಳಿಸಿದಾಗ ಸಂಕೋಚನದ ಪ್ರೊಟೀನ್ ಏರಿ ನಾಳ ಇನ್ನಷ್ಟು ಬಿಗಿಯುತ್ತದೆ.

ರೋಗಿಗಳ ಶ್ವಾಸನಾಳವನ್ನೇ ಪರೀಕ್ಷಿಸಿದವರಲ್ಲೂ ಒಮ್ಮತವಿರಲಿಲ್ಲ ಎಂಬುದನ್ನು ಮುಚ್ಚಿಡಬಾರದು. ಸೌಮ್ಯ ಅಸ್ತಮಾ ಇದ್ದವರ ನಾಳದ ಗೋಡೆಯಿಂದ ಚೂರು ತೆಗೆದು ನೋಡಿದ 2009ರ ಅಧ್ಯಯನಕ್ಕೆ ಆರೋಗ್ಯವಂತರಿಗೂ ಅವರಿಗೂ ಯಾವ ವ್ಯತ್ಯಾಸವೂ ಸಿಗಲಿಲ್ಲ. ಒಳಪದರವನ್ನು ಮಾತ್ರ ಬ್ರಷ್‌ನಿಂದ ಸವರಿ ತೆಗೆದ 2012ರ ಅಧ್ಯಯನಕ್ಕೆ ಇನ್ನೂರಕ್ಕೂ ಹೆಚ್ಚು ಮೈಕ್ರೋಆರ್‌ಎನ್‌ಎಗಳಲ್ಲಿ ವ್ಯತ್ಯಾಸ ಸಿಕ್ಕಿತು. ವ್ಯತ್ಯಾಸದ ಗುಟ್ಟು ಬ್ರಷ್‌ನಲ್ಲಿದೆ ಎಂಬುದು ನನ್ನ ಅನಿಸಿಕೆ. ಗೋಡೆಯ ಚೂರಿನಲ್ಲಿ ಸ್ನಾಯು, ರಕ್ತನಾಳ, ಗ್ರಂಥಿ, ಒಳಪದರ ಎಲ್ಲ ಕಲಸಿರುತ್ತವೆ. ಒಂದರಲ್ಲಿ ಏರಿದ್ದು ಇನ್ನೊಂದರಲ್ಲಿ ಇಳಿದರೆ ಸರಾಸರಿ ಶೂನ್ಯ. ಎರಡನೆಯ ಅಧ್ಯಯನದಲ್ಲಿ ಮುಖ್ಯವಾಗಿ ಇಳಿದಿದ್ದವು ಮಿರ್-34 ಮತ್ತು ಮಿರ್-449 ಬಳಗ. ಈ ಬಳಗದ ಕೆಲಸವೆಂದರೆ ಒಳಪದರದಲ್ಲಿ ಸೂಕ್ಷ್ಮ ರೋಮಗಳಿರುವ ಕೋಶಗಳನ್ನು ಬೆಳೆಸುವುದು. ಆ ರೋಮಗಳು ಒಂದೇ ತಾಳದಲ್ಲಿ ಬೀಸಿ ಲೋಳೆಯನ್ನೂ ಅದಕ್ಕಂಟಿದ ಧೂಳನ್ನೂ ಗಂಟಲಿನತ್ತ ತಳ್ಳುತ್ತವೆ. ರೋಮಕೋಶ ಕಡಿಮೆಯಾಗಿ ಲೋಳೆಕೋಶ ಹೆಚ್ಚಾದರೆ ಪೊರಕೆ ಸವೆದ ಮನೆಯಲ್ಲಿ ಕಸ ಇಮ್ಮಡಿಯಾದಂತೆ. ಇನ್‌ಹೇಲರ್‌ನ ಸ್ಟೀರಾಯ್ಡ್ ಈ ಏರುಪೇರನ್ನು ಹೆಚ್ಚಾಗಿ ಸರಿಪಡಿಸಲಿಲ್ಲ ಎಂಬುದು ಆ ಅಧ್ಯಯನದ ಇನ್ನೊಂದು ಮುಖ್ಯ ಸಂಗತಿ.

ಇನ್ನು ಗಾಳಿಯ ಮಾತು. ಪಿಎಂ 2.5 ಎಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಚಿಕ್ಕ ಕಣಗಳು. ತಲೆಗೂದಲಿನ ಅಡ್ಡಗಲದ ಇಪ್ಪತ್ತನೆಯ ಒಂದು ಪಾಲಿಗಿಂತಲೂ ಸಣ್ಣವು. ಡೀಸೆಲ್ ಹೊಗೆಯ ಕಣವೆಂದರೆ ಒಂದು ಇಂಗಾಲದ ತಿರುಳು, ಅದರ ಮೈಮೇಲೆ ಅರೆಬೆಂದ ಹೈಡ್ರೊಕಾರ್ಬನ್‌ಗಳು ಮತ್ತು ಲೋಹಗಳ ಲೇಪ. ಅದು ಕೋಶಕ್ಕೆ ಏನು ಮಾಡುತ್ತದೆಂದು ನೋಡಲು ಸಂಶೋಧಕರು ಮನುಷ್ಯನ ಶ್ವಾಸನಾಳದ ಕೋಶಗಳನ್ನು ತೆಳುಪೊರೆಯ ಮೇಲೆ ಬೆಳೆಸುತ್ತಾರೆ: ಕೆಳಗೆ ಪೋಷಕ ದ್ರವ, ಮೇಲೆ ಬರಿಯ ಗಾಳಿ, ಥೇಟ್ ನಮ್ಮ ಎದೆಯೊಳಗಿನ ಹಾಗೆ. ಕೆಲವು ವಾರಗಳಲ್ಲಿ ಕೋಶಗಳು ರೋಮ ಬಿಟ್ಟು, ಲೋಳೆ ಸುರಿಸಿ ನಿಜವಾದ ನಾಳದಂತಾಗುತ್ತವೆ. ಹೀಗೆ ಬೆಳೆಸಿದ ಪದರದ ಮೇಲೆ ಚದರ ಸೆಂಟಿಮೀಟರಿಗೆ 10 ಮೈಕ್ರೋಗ್ರಾಂ ಡೀಸೆಲ್ ಕಣಗಳನ್ನು 24 ಗಂಟೆ ಇಟ್ಟ 2009ರ ಅಧ್ಯಯನದಲ್ಲಿ, ಪತ್ತೆಯಾದ 313 ಮೈಕ್ರೋಆರ್‌ಎನ್‌ಎಗಳ ಪೈಕಿ 197 ಕನಿಷ್ಠ ಒಂದೂವರೆ ಪಟ್ಟು ಏರಿದವು ಅಥವಾ ಇಳಿದವು. ಮೂರರಲ್ಲಿ ಸುಮಾರು ಎರಡು ಪಾಲು ಸ್ಥಾನ ತಪ್ಪಿದವು ಎಂದಂತಾಯಿತು.

ಏರಿಳಿತದ ಪಟ್ಟಿ ಎಷ್ಟುದ್ದವಾದರೂ ಪಟ್ಟಿಯೇ. ಅದರಿಂದ ಅಲರ್ಜಿಗೆ ದಾರಿ ಹೇಗೆ ಎಂಬುದನ್ನು ಒಂದು ಉದಾಹರಣೆಯಲ್ಲಿ ಹತ್ತಿರದಿಂದ ನೋಡಬಹುದು. ಶ್ವಾಸನಾಳದ ಕೋಶಗಳಲ್ಲಿ ಎಎಚ್‌ಆರ್ ಎಂಬ ಗ್ರಾಹಕವಿದೆ. ಹೊಗೆಯ ಹೈಡ್ರೊಕಾರ್ಬನ್‌ಗಳನ್ನು ಗುರುತಿಸಿ ಅವನ್ನು ಒಡೆಯುವ ಕಿಣ್ವಗಳನ್ನು ಎಬ್ಬಿಸುವುದು ಅದರ ಉದ್ಯೋಗ. ನ್ಯೂಯಾರ್ಕ್‌ನ ಸಂಶೋಧಕರು 2013ರಲ್ಲಿ ವರದಿ ಮಾಡಿದಂತೆ, ಡೀಸೆಲ್ ಕಣ ಬಿದ್ದಾಗ ಕೋಶದಲ್ಲಿ ಮಿರ್-375 ಏರುತ್ತದೆ, ಅದು ಎಎಚ್‌ಆರ್ ಸಂದೇಶವನ್ನು ಇಳಿಸುತ್ತದೆ, ಅದರೊಡನೆ ಟಿಎಸ್‌ಎಲ್‌ಪಿ ಎಂಬ ಪ್ರೊಟೀನ್ ಹೆಚ್ಚುತ್ತದೆ. ನಗರದ ಗಾಳಿಯಿಂದಲೇ ಹಿಡಿದ ಕಣಗಳೂ ಟಿಎಸ್‌ಎಲ್‌ಪಿಯನ್ನು ಹಾಗೆಯೇ ಏರಿಸಿದವು. ಈ ಟಿಎಸ್‌ಎಲ್‌ಪಿ ಸಾಮಾನ್ಯವಾದದ್ದಲ್ಲ. ಹೊರಗಿನಿಂದ ಏನೋ ಬಂತೆಂದು ಒಳಪದರ ಕೂಗುವ ಮೊದಲ ಕೂಗು ಅದು. ಆ ಕೂಗು ಕೇಳಿಯೇ ಡೆಂಡ್ರಿಟಿಕ್ ಕೋಶಗಳು ಟಿ ಕೋಶಗಳನ್ನು ಟಿಎಚ್2 ಕಡೆಗೆ ತಿರುಗಿಸುವುದು. ಅದರ ಬಾಯಿ ಮುಚ್ಚಿಸುವ ಟೆಜೆಪೆಲುಮ್ಯಾಬ್ ಎಂಬ ಚುಚ್ಚುಮದ್ದಿಗೆ 2021ರ ಡಿಸೆಂಬರಿನಲ್ಲಿ ಅಮೆರಿಕ ತೀವ್ರ ಅಸ್ತಮಾಕ್ಕೆಂದು ಅನುಮತಿ ಕೊಟ್ಟಿತು. ಹೊಗೆ ಮತ್ತು ಅಲರ್ಜಿ ಬೇರೆಬೇರೆ ಬಾಗಿಲಿನಿಂದ ಬಂದರೂ ಒಂದೇ ಪಡಸಾಲೆಗೆ ಬರುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸದ್ಯಕ್ಕಿಲ್ಲ.

ತಟ್ಟೆಯಲ್ಲಿ ಬೆಳೆಸಿದ ಕೋಶಕ್ಕೆ ಒಂದೇ ದಿನ ಸುರಿದ ಕಣ, ಮನುಷ್ಯ ರಸ್ತೆಯಲ್ಲಿ ಉಸಿರಾಡುವುದಕ್ಕಿಂತ ಎಷ್ಟೋ ಹೆಚ್ಚು ಎಂಬ ಆಕ್ಷೇಪ ಇಲ್ಲಿ ಬಂದೇ ಬರುತ್ತದೆ, ಬರಬೇಕು ಕೂಡ. ಅದಕ್ಕೆ ಉತ್ತರ ಮನುಷ್ಯರ ಮೇಲಿನ ಪ್ರಯೋಗಗಳಲ್ಲಿದೆ. ಕೆನಡಾದ ವ್ಯಾಂಕೂವರಿನಲ್ಲಿ ಅಸ್ತಮಾ ಇದ್ದ 13 ಮಂದಿ ಒಂದು ಕೋಣೆಯಲ್ಲಿ ಎರಡು ಗಂಟೆ ಕೂತರು: ಒಮ್ಮೆ ಸೋಸಿದ ಗಾಳಿ, ಇನ್ನೊಮ್ಮೆ ಘನಮೀಟರಿಗೆ 300 ಮೈಕ್ರೋಗ್ರಾಂ ಪಿಎಂ 2.5 ಇರುವಂತೆ ತಿಳಿಗೊಳಿಸಿದ ಡೀಸೆಲ್ ಹೊಗೆ. ದೀಪಾವಳಿಯ ಮಾರನೆಯ ದಿನದ ದೆಹಲಿಯನ್ನು ನೋಡಿದವರಿಗೆ ಈ ಅಂಕಿ ಕಂಡು ಕೇಳರಿಯದ್ದೇನಲ್ಲ. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹೊಗೆ ಕುಡಿದ ದಿನ ರಕ್ತದಲ್ಲಿ ಮಿರ್-21, ಮಿರ್-30ಇ, ಮಿರ್-215, ಮಿರ್-144 ಏರಿದ್ದವು. ಆಂಟಿಆಕ್ಸಿಡೆಂಟ್ ಆದ ಎನ್-ಅಸಿಟೈಲ್‌ಸಿಸ್ಟೀನ್ ಮೊದಲೇ ನುಂಗಿದ್ದಾಗ ಆ ಏರಿಕೆ ತಗ್ಗಿತು. ಹೊಗೆ ಈ ತೂಬನ್ನು ಎತ್ತುವುದು ಆಕ್ಸಿಡೀಕರಣದ ಒತ್ತಡದ ಮೂಲಕ ಎಂಬುದಕ್ಕೆ ಅದು ಒಳ್ಳೆಯ ಸುಳಿವು. ಇಟಲಿಯ ಉಕ್ಕಿನ ಕಾರ್ಖಾನೆಯೊಂದರ 63 ಕಾರ್ಮಿಕರಲ್ಲಿ ಕೆಲಸದ ದಿನಗಳ ನಂತರ ಮಿರ್-222 ಮತ್ತು ಮಿರ್-21 ಏರಿದ್ದನ್ನು 2010ರ ವರದಿ ದಾಖಲಿಸಿತ್ತು. ಬ್ರೇಕ್ ಎಂದು ಮೇಲೆ ಹೇಳಿದ ಮಿರ್-146ಎ, ಸೀಸ ಮತ್ತು ಕ್ಯಾಡ್ಮಿಯಂ ಹೆಚ್ಚಿದ್ದವರಲ್ಲಿ ಕಡಿಮೆಯಿತ್ತು. ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ ಡೀಸೆಲ್ ಬಸ್ಸುಗಳ ನಡುವೆ ಎರಡು ಗಂಟೆ ನಡೆದ 60 ಅಸ್ತಮಾ ರೋಗಿಗಳ ಉಸಿರಿನ ಬಲ ಶೇ. 6.1ರವರೆಗೂ ಕುಸಿದದ್ದು 2007ರಲ್ಲಿ ಪ್ರಕಟವಾಯಿತು. ಹೈಡ್ ಪಾರ್ಕಿನಲ್ಲಿ ನಡೆದಾಗ ಕುಸಿತ ಅಷ್ಟಿರಲಿಲ್ಲ. ಅದೇ ಬೀದಿ, ಅದೇ ಉದ್ಯಾನದಲ್ಲಿ ನಡೆದವರ ರಕ್ತದ ಮೈಕ್ರೋಆರ್‌ಎನ್‌ಎಗಳೂ ಕಣ ಮತ್ತು ನೈಟ್ರೋಜನ್ ಡೈಆಕ್ಸೈಡ್ ಪ್ರಮಾಣಕ್ಕೆ ತಕ್ಕಂತೆ ಏರಿಳಿದವೆಂದು 2018ರ ಇನ್ನೊಂದು ಅಧ್ಯಯನ ಕಂಡಿತು.

ಇನ್ನೂ ಗಟ್ಟಿಯಾದ ಆಕ್ಷೇಪ ಬೇರೊಂದಿದೆ: ಏರಿದ್ದು ಕಾರಣವೋ, ಹೆಜ್ಜೆಗುರುತೋ? 0.4 ಪಿಪಿಎಂ ಓಜೋನ್ ಉಸಿರಾಡಿದವರ ಕಫದಲ್ಲಿ ಹತ್ತು ಮೈಕ್ರೋಆರ್‌ಎನ್‌ಎಗಳು ಏರಿದವೆಂದು 2014ರ ಅಮೆರಿಕನ್ ಅಧ್ಯಯನ ಹೇಳಿತು. ಆ ಹತ್ತರಲ್ಲಿ ಮಿರ್-223 ಒಂದು. ಮಿರ್-223 ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳಲ್ಲಿ ಹೇರಳ, ಓಜೋನ್ ಸೇವಿಸಿದವರ ನಾಳಕ್ಕೆ ಮೊದಲು ಧಾವಿಸುವವೂ ನ್ಯೂಟ್ರೋಫಿಲ್‌ಗಳೇ. ಹಾಗಾದರೆ ಅಳೆದದ್ದು ಕೋಶದೊಳಗಿನ ಬದಲಾವಣೆಯನ್ನೋ, ಬಂದ ಕೋಶಗಳ ತಲೆಯೆಣಿಕೆಯನ್ನೋ? ವ್ಯಾಂಕೂವರಿನ ಮಿರ್-144 ಕೂಡ ಕೆಂಪು ರಕ್ತಕಣಗಳ ವಂಶದಲ್ಲಿ ಮೊದಲಿಂದಲೂ ತುಂಬಿರುವಂಥದು. ಸೂಜಿ ಚುಚ್ಚುವಾಗ ಕೆಂಪುಕಣ ಒಡೆದರೆ ಸೀರಮ್ಮಿನ ಮಿರ್-451, ಮಿರ್-16 ಸುಳ್ಳುಸುಳ್ಳೇ ಏರುತ್ತವೆಂಬುದು ಪ್ರಯೋಗಾಲಯದವರಿಗೆಲ್ಲ ಗೊತ್ತಿರುವ ತಲೆನೋವು. ಈ ಆಕ್ಷೇಪವನ್ನು ನಾನು ಬಹುಪಾಲು ಒಪ್ಪುತ್ತೇನೆ. ಕಫ ಮತ್ತು ರಕ್ತದ ಅಳತೆಗಳನ್ನು ಸಾಕ್ಷಿಯೆಂದು ಕರೆಯಬಹುದೇ ಹೊರತು ಅಪರಾಧಿಯೆಂದಲ್ಲ. ಆದರೆ ಪೂರ್ತಿ ಒಪ್ಪಲಾಗದು. ಏಕೆಂದರೆ ಶಿಕಾಗೊ ವಿಶ್ವವಿದ್ಯಾಲಯದ ತಂಡ 2007ರಲ್ಲೇ ಬೇರೆ ದಿಕ್ಕಿನಿಂದ ಒಂದು ಪುರಾವೆ ಕೊಟ್ಟಿತ್ತು. ಎಚ್‌ಎಲ್‌ಎ-ಜಿ ಎಂಬ ವಂಶವಾಹಿಯ ಬಾಲದಲ್ಲಿ ಒಂದೇ ಒಂದು ಅಕ್ಷರದ ಭೇದವಿದೆ. ಆ ಅಕ್ಷರ ಯಾವುದೆಂಬುದರ ಮೇಲೆ ಮಿರ್-148 ಬಳಗ ಅಲ್ಲಿ ಬಿಗಿಯಾಗಿ ಕೂರುತ್ತದೋ ಸಡಿಲವಾಗಿಯೋ ಎಂಬುದು ನಿರ್ಧಾರವಾಗುತ್ತದೆ. ಮಗುವಿನ ಅಸ್ತಮಾದ ಅಪಾಯಕ್ಕೂ ಆ ಅಕ್ಷರಕ್ಕೂ ನಂಟಿದೆ, ತಾಯಿಗೆ ಅಸ್ತಮಾ ಇದೆಯೋ ಇಲ್ಲವೋ ಎಂಬುದರಂತೆ ಆ ನಂಟು ತಿರುಗುತ್ತದೆ. ಹುಟ್ಟಿನಿಂದಲೇ ಇರುವ ಅಕ್ಷರವನ್ನು ಉರಿಯೂತ ಬದಲಿಸಲಾರದು. ಹಾಗಾಗಿ ಇಲ್ಲಿ ಯಾವುದು ಮೊದಲು ಎಂಬ ತಕರಾರು ಏಳುವುದಿಲ್ಲ.

ಚಿಕಿತ್ಸೆಯ ಕನಸು ಇವೆಲ್ಲವುಗಳಿಗಿಂತ ಬೇಗ ಓಡಿತು. ಸ್ಟೀರಾಯ್ಡ್‌ಗೆ ಬಗ್ಗದ ತೀವ್ರ ಅಸ್ತಮಾದಲ್ಲಿ ಮಿರ್-21 ಪಿಐ3ಕೆ ಎಂಬ ದಾರಿಯನ್ನು ಬಲಗೊಳಿಸಿ, ಸ್ಟೀರಾಯ್ಡ್ ಕೆಲಸ ಮಾಡಲು ಬೇಕಾದ ಎಚ್‌ಡಿಎಸಿ2 ಕಿಣ್ವವನ್ನು ಕುಗ್ಗಿಸುತ್ತದೆಂದೂ, ಮಿರ್-21ನ್ನು ತಡೆದರೆ ಸ್ಟೀರಾಯ್ಡ್ ಮತ್ತೆ ಹಿಡಿಯುತ್ತದೆಂದೂ 2017ರಲ್ಲಿ ಇಲಿಗಳಲ್ಲಿ ತೋರಿಸಲಾಯಿತು. ಹೊಗೆಗೂ ಏರುವ, ಅಲರ್ಜಿಗೂ ಏರುವ ಅಣು ಇದೇ ಎಂಬುದನ್ನು ನೆನೆದರೆ, ಮಲಿನ ನಗರಗಳ ಅಸ್ತಮಾ ಏಕೆ ಮದ್ದಿಗೆ ಬೇಗ ಬಗ್ಗುವುದಿಲ್ಲ ಎಂಬ ಪ್ರಶ್ನೆಗೆ ಇಲ್ಲಿ ಒಂದು ಉತ್ತರದ ಮೊಳಕೆಯಿದೆ. ಆದರೆ ನೂರಾರು ಗುರಿಗಳಿರುವ ಅಣುವನ್ನು ಮದ್ದಾಗಿ ಕೊಡುವುದು ಹುಡುಗಾಟದ ಮಾತಲ್ಲ. ಅಸ್ತಮಾದಲ್ಲಿ ಇಳಿಯುವ ಅದೇ ಮಿರ್-34 ಬಳಗದ ಒಂದು ಕೃತಕ ರೂಪವನ್ನು ಎಂಆರ್‌ಎಕ್ಸ್34 ಎಂಬ ಹೆಸರಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟ ಮೊದಲ ಪ್ರಯೋಗವನ್ನು, ರೋಗನಿರೋಧಕ ವ್ಯವಸ್ಥೆ ತಿರುಗಿಬಿದ್ದ ತೀವ್ರ ಅಡ್ಡಪರಿಣಾಮಗಳಿಂದಾಗಿ 2016ರಲ್ಲಿ ನಿಲ್ಲಿಸಬೇಕಾಯಿತು. ಆರ್‌ಎನ್‌ಎ ಮದ್ದುಗಳು ಗೆದ್ದದ್ದು ಮೊದಲು ಯಕೃತ್ತಿನಲ್ಲಿ. 2018ರಲ್ಲಿ ಅನುಮತಿ ಪಡೆದ ಪ್ಯಾಟಿಸಿರಾನ್ ಅಂಥದು. ರಕ್ತದಲ್ಲಿ ಬಿಟ್ಟ ಮದ್ದು ತಾನಾಗಿ ಯಕೃತ್ತಿಗೆ ಹೋಗಿ ಸೇರುತ್ತದೆ. ಶ್ವಾಸನಾಳದಲ್ಲಾದರೆ ಲೋಳೆಯ ಗೋಡೆ ದಾಟಬೇಕು, ಬೀಸುವ ರೋಮಗಳನ್ನು ತಪ್ಪಿಸಬೇಕು, ಕಂಡದ್ದನ್ನೆಲ್ಲ ನುಂಗುವ ಮ್ಯಾಕ್ರೋಫೇಜ್‌ಗಳ ಕಣ್ಣಿಗೆ ಬೀಳಬಾರದು. ಅಸ್ತಮಾ ಇದ್ದವರಲ್ಲಿ ಆ ಗೋಡೆ ಇನ್ನೂ ದಪ್ಪ. ಯಾರಿಗೆ ಮದ್ದು ಬೇಕೋ ಅವರಿಗೇ ಅದು ತಲುಪುವುದು ಕಷ್ಟ.

ಕೊನೆಯದಾಗಿ, ಹೊಗೆ ಕೆಟ್ಟದ್ದೆಂದು ಹೇಳಲು ಇಷ್ಟೆಲ್ಲ ಅಣುಗಳು ಬೇಕೆ ಎಂದು ಕೇಳುವವರಿದ್ದಾರೆ. ಬೇಡ. ಹೊಗೆ ತಗ್ಗಿಸಲು ಈಗಿರುವ ಪುರಾವೆಯೇ ಸಾಕು, ಮೈಕ್ರೋಆರ್‌ಎನ್‌ಎ ಅಧ್ಯಯನ ಮುಗಿಯಲೆಂದು ಕಾಯುವುದು ನೆಪವಷ್ಟೇ. ಆದರೆ ಒಂದೇ ಬೀದಿಯ ಒಂದೇ ಗಾಳಿ ಕುಡಿದ ಇಬ್ಬರು ಮಕ್ಕಳಲ್ಲಿ ಒಬ್ಬ ಆಡಿಕೊಂಡಿರುತ್ತಾನೆ, ಇನ್ನೊಬ್ಬ ರಾತ್ರಿಯೆಲ್ಲ ದಿಂಬಿಗೆ ಒರಗಿ ಕೂತಿರುತ್ತಾನೆ. ಯಾರು ಮೊದಲು ಬೀಳುವವರು, ಯಾರಿಗೆ ಸ್ಟೀರಾಯ್ಡ್ ಹಿಡಿಯದು ಎಂದು ಮುಂಚೆಯೇ ತಿಳಿಯುವುದಕ್ಕೆ ಗಾಳಿಯ ಅಳತೆ ಸಾಲದು; ಗಾಳಿಗೆ ಆ ಮೈ ಕೊಟ್ಟ ಉತ್ತರದ ಅಳತೆ ಬೇಕು. ಈ ಅಣುಗಳಿಗೆ ಬೆಲೆ ಅಲ್ಲಿದೆ. ಅದಕ್ಕೆ ಬೇಕಾದದ್ದು ಒಮ್ಮೆ ತೆಗೆದ ರಕ್ತದ ಪಟ್ಟಿಗಳಲ್ಲ, ಒಂದೇ ಮಕ್ಕಳನ್ನು ವರ್ಷಗಟ್ಟಲೆ, ಮಳೆಗಾಲಕ್ಕೂ ಹೊಗೆಗಾಲಕ್ಕೂ ಹಿಂಬಾಲಿಸಿ, ಒಂದೊಂದು ಬಗೆಯ ಕೋಶವನ್ನು ಬೇರ್ಪಡಿಸಿ ಮಾಡಿದ ಅಳತೆ. ಸದ್ಯಕ್ಕೆ ಅಸ್ತಮಾದ ಚಿಕಿತ್ಸೆಯಲ್ಲಿ ಮೈಕ್ರೋಆರ್‌ಎನ್‌ಎ ಆಧಾರದ ಮದ್ದಾಗಲಿ, ವೈದ್ಯರು ದಿನನಿತ್ಯ ಬರೆದುಕೊಡುವ ಪರೀಕ್ಷೆಯಾಗಲಿ ಯಾವುದೂ ಬಳಕೆಗೆ ಬಂದಿಲ್ಲ. ಪಿಎಂ 2.5ರ ವಾರ್ಷಿಕ ಸರಾಸರಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಗೆರೆ ಘನಮೀಟರಿಗೆ 5 ಮೈಕ್ರೋಗ್ರಾಂ. ಭಾರತ 2009ರಲ್ಲಿ ಹಾಕಿಕೊಂಡದ್ದು 40.